ರಬ್ಬರ್ ಅಂಟಿಸಲು ಯಾವುದು ಕೊಳ್ಳಬೇಕು: ಸಲ್ಯೂಷನ್, ಎಸ್‌ಆರ್, ಫೆವಿಕ್ವಿಕ್, ಸಿಲಿಕೋನ್ ವಿಮರ್ಶೆ

ಹಾರ್ಡ್‌ವೇರ್ ಅಂಗಡಿಯಲ್ಲಿ ‘ರಬ್ಬರ್ ಅಂಟಿಸೋಕೆ ಏನಾದ್ರೂ ಕೊಡಿ’ ಎಂದರೆ ಹೆಚ್ಚಾಗಿ ಕೈಗೆ ಬರುವುದು ಫೆವಿಕ್ವಿಕ್, ಫೆವಿಬಾಂಡ್, ಅರಾಲ್ಡೈಟ್ ಈ ಮೂರರಲ್ಲಿ ಒಂದು. ಯಾವ ರಬ್ಬರ್ ಎಂದು ಅಂಗಡಿಯವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದೂ ಇಲ್ಲ. ಸೈಕಲ್ ಟ್ಯೂಬು, ಶೂವಿನ ಅಟ್ಟೆ, ಕಾರಿನ ಬಾಗಿಲ ಬೀಡಿಂಗ್, ಟಿಫಿನ್ ಡಬ್ಬಿಯ ಮುಚ್ಚಳದ ಬಿಳಿ ರಿಂಗ್, ಎಲ್ಲವೂ ನಮ್ಮ ಬಾಯಲ್ಲಿ ರಬ್ಬರೇ. ಅಂಟಿನ ಮಟ್ಟಿಗೆ ಮಾತ್ರ ಅವು ನಾಲ್ಕು ಬೇರೆ ವಸ್ತುಗಳು. ಒಂದಕ್ಕೆ ಹಿಡಿದ ಅಂಟು ಇನ್ನೊಂದರ ಮೇಲಿಂದ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ‘ಅಂಟು ಸರಿಯಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಇಲ್ಲಿ ಒಂದೊಂದು ಅಂಟಿಗೆ ಅಂಕ ಕೊಡುವ ಬದಲು ಯಾವುದು ಯಾವ ಕೆಲಸಕ್ಕೆ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ, ಏಕೆ ಎಂದು ಹೇಳಿದ್ದೇವೆ.

ಮೊದಲು ರಬ್ಬರಿನ ಗುರುತು. ಸೈಕಲ್ಲಿನ ಟ್ಯೂಬು ನೈಸರ್ಗಿಕ ರಬ್ಬರಿನದೋ ಬ್ಯುಟೈಲಿನದೋ ಆಗಿರುತ್ತದೆ. ಎಣ್ಣೆ ತಗಲುವ ಕಡೆ ಇರುವ ಕಪ್ಪು ಓ-ರಿಂಗ್‌ಗಳು ಸಾಮಾನ್ಯವಾಗಿ ನೈಟ್ರೈಲ್. ಬಿಸಿಲು ಮಳೆ ತಿನ್ನುವ ಬೀಡಿಂಗ್‌ಗಳು ಇಪಿಡಿಎಂ. ಮೆತ್ತಗೆ, ಅರೆಪಾರದರ್ಶಕವಾಗಿ ಅಥವಾ ಬೆಳ್ಳಗೆ ಇದ್ದು, ಬಿಸಿ ಪಾತ್ರೆಗೂ ಜಗ್ಗದೆ ಇರುವುದು ಸಿಲಿಕೋನ್. ಫ್ರಿಜ್ ಬಾಗಿಲಿನ ಗ್ಯಾಸ್ಕೆಟ್ ನೋಡಲು ರಬ್ಬರಿನಂತಿದ್ದರೂ ಸಾಮಾನ್ಯವಾಗಿ ಮೆದು ಪಿವಿಸಿ. ಅದರ ಪಾಡೇ ಬೇರೆ.

ಅನುಮಾನವಿದ್ದರೆ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಬಯಲಲ್ಲಿ ಬೆಂಕಿ ತೋರಿಸಿ. ಸಿಲಿಕೋನ್ ಉರಿದು ಬಿಳಿ ಬೂದಿ ಉಳಿಸುತ್ತದೆ. ಇಪಿಡಿಎಂ ಉರಿಯುವಾಗ ಮೇಣದಬತ್ತಿಯ ವಾಸನೆ. ನೈಸರ್ಗಿಕ ರಬ್ಬರ್ ದಟ್ಟ ಕಪ್ಪು ಹೊಗೆ ಬಿಡುತ್ತಾ, ಬೆಂಕಿ ದೂರ ಮಾಡಿದ ಮೇಲೂ ಉರಿಯುತ್ತಲೇ ಇರುತ್ತದೆ. ನಿಯೊಪ್ರೀನ್ ಎಂಬ ಕೃತಕ ರಬ್ಬರ್ ಮತ್ತು ಪಿವಿಸಿ ಬೆಂಕಿ ತೆಗೆದೊಡನೆ ಆರುತ್ತವೆ. ಇವುಗಳ ಹೊಗೆ ಆಮ್ಲದ ಹೊಗೆ, ಮೂಗಿನ ಹತ್ತಿರ ತರಬೇಡಿ.

ಪಂಕ್ಚರ್ ಸಲ್ಯೂಷನ್

ಈ ಪಟ್ಟಿಯಲ್ಲಿ ನಮ್ಮ ಪ್ರಕಾರ ಕೊಟ್ಟ ಕಾಸಿಗೆ ಅತಿ ಹೆಚ್ಚು ಬೆಲೆ ಬಾಳುವುದು ಇದು. ಜನ ಇದನ್ನು ಮಾಮೂಲಿ ಗೋಂದು ಎಂದುಕೊಂಡು ಬಳಸುವುದರಿಂದಲೇ ಕೆಡುತ್ತದೆ. ಒಳ್ಳೆಯ ವಲ್ಕನೈಸಿಂಗ್ (ಗಂಧಕದಿಂದ ರಬ್ಬರನ್ನು ಬೆಸೆದು ಗಟ್ಟಿ ಮಾಡುವ) ಸಲ್ಯೂಷನ್ ಎಂದರೆ ದ್ರಾವಕದಲ್ಲಿ ಕರಗಿದ ರಬ್ಬರ್ ಮತ್ತು ಗಂಧಕದ ಕ್ರಿಯೆಗೆ ವೇಗ ಕೊಡುವ ರಾಸಾಯನಿಕ. ಪ್ಯಾಚಿನ ಕೆಳಮುಖದಲ್ಲಿ ಪೂರ್ತಿ ಬೇಯದ ರಬ್ಬರಿನ ತೆಳು ಪದರ ಇರುತ್ತದೆ. ಇವೆರಡೂ ಸೇರಿದಾಗ ಕೋಣೆಯ ತಾಪಮಾನದಲ್ಲೇ ನಿಧಾನವಾಗಿ ವಲ್ಕನೀಕರಣ ನಡೆದು ಪ್ಯಾಚು ಟ್ಯೂಬಿನ ಭಾಗವೇ ಆಗುತ್ತದೆ. ಸರಿಯಾಗಿ ಹಾಕಿದ ಪ್ಯಾಚನ್ನು ಮಾರನೆಯ ದಿನ ಕೀಳಲು ಹೋದರೆ ಟ್ಯೂಬೇ ಹರಿಯಬೇಕು. ಹಳೆಯ ಟ್ಯೂಬಿನ ತುಂಡನ್ನೇ ಕತ್ತರಿಸಿ ಪ್ಯಾಚು ಮಾಡಿದರೆ ಈ ಕ್ರಿಯೆಯ ಅರ್ಧ ಭಾಗವೇ ಇಲ್ಲ. ಆಗ ಉಳಿಯುವುದು ಬರಿಯ ಅಂಟು, ಬಿಸಿಲಲ್ಲಿ ಜಾರುತ್ತದೆ.

ಕ್ರಮ ಹೀಗೆ. ತೂತಿನ ಸುತ್ತ ಪ್ಯಾಚಿಗಿಂತ ಎಲ್ಲ ಕಡೆ 1 ಸೆಂ.ಮೀ. ಹೆಚ್ಚು ಜಾಗವನ್ನು 80ರ ಎಮರಿ ಪೇಪರಿನಲ್ಲಿ ಉಜ್ಜಿ, ಹೊಳಪು ಪೂರ್ತಿ ಹೋಗಿ ಮಾಸಲು ಕಪ್ಪಾಗುವವರೆಗೆ. ಟ್ಯೂಬಿನ ಮೇಲೆ ಅಚ್ಚಿನ ಏಣು ಹಾದಿದ್ದರೆ ಅದನ್ನು ಸಮ ಮಾಡದೆ ಮುಂದುವರಿಯಬೇಡಿ. ಏಣಿನ ಪಕ್ಕದ ಸಣ್ಣ ಸಂದಿನಲ್ಲೇ ಗಾಳಿ ನುಸುಳುತ್ತದೆ. ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಪೆಟ್ರೋಲಿನಿಂದ ತೊಳೆಯುವ ರೂಢಿ ಬಿಡಿ, ಅದು ಹಾರಿದ ಮೇಲೂ ಜಿಡ್ಡಿನ ಅಂಶ ಉಳಿಸಬಹುದು. ಈಗ ಸಲ್ಯೂಷನ್ನನ್ನು ಒಂದೇ ತೆಳು ಪದರವಾಗಿ, ಪ್ಯಾಚಿಗಿಂತ ಅಗಲವಾಗಿ ಹಚ್ಚಿ ಸುಮ್ಮನೆ ಬಿಡಿ. ಊದಿ ಒಣಗಿಸಬಾರದು, ಉಸಿರಿನ ತೇವ ಅದರ ಮೇಲೆ ಕೂರುತ್ತದೆ. ಹೊಳಪು ಆರಿ, ಬೆರಳಿನ ಹಿಂಬದಿ ತಾಗಿಸಿದರೆ ಅಂಟುತ್ತದೆ ಎನಿಸಿದರೂ ದಾರ ಎಳೆಯದ ಹದ ಬರಲು 5ರಿಂದ 10 ನಿಮಿಷ ಬೇಕು. ಪ್ಯಾಚಿನ ಫಾಯಿಲ್ ತೆಗೆದು, ಆ ಮುಖ ಮುಟ್ಟದೆ, ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಚಿಕ್ಕ ರೋಲರ್ ಇಲ್ಲದಿದ್ದರೆ ಚಮಚದ ಬೆನ್ನು ಸಾಕು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳುವಾಗ ಪ್ಯಾಚಿನ ಅಂಚು ಏಳುವುದಾದರೆ ಹಾಳೆಯನ್ನು ಹಾಗೇ ಬಿಡಿ, ಅದರಿಂದ ತೊಂದರೆಯಿಲ್ಲ. ಸುತ್ತ ಸ್ವಲ್ಪ ಪೌಡರ್ ಉದುರಿಸಿ ಟೈರಿನೊಳಗೆ ಹಾಕಿ. ‘ನೋಡೋಣ’ ಎಂದು ಹೊರಗಿಟ್ಟೇ ಗಾಳಿ ತುಂಬಿದರೆ ಟ್ಯೂಬು ಹಿಗ್ಗಿ, ಇನ್ನೂ ಬಲಿಯದ ಪ್ಯಾಚಿನ ಅಂಚು ಸಡಿಲವಾಗುತ್ತದೆ.

ದಪ್ಪ ಹಚ್ಚುವುದು, ಒದ್ದೆಯಿರುವಾಗಲೇ ಪ್ಯಾಚು ಇಡುವುದು: ಕೆಡುವುದು ಹೆಚ್ಚಾಗಿ ಈ ಎರಡರಿಂದ. ಒಳಗೆ ಸಿಕ್ಕಿಕೊಂಡ ದ್ರಾವಕಕ್ಕೆ ಹೊರಹೋಗಲು ದಾರಿಯಿಲ್ಲ. ಟೈರು ಬಿಸಿಯಾದಾಗ ಅದು ಆವಿಯಾಗಿ ಪ್ಯಾಚನ್ನು ಗುಳ್ಳೆಯಂತೆ ಎತ್ತುತ್ತದೆ. ಸಣ್ಣ ಟ್ಯೂಬಿನ ಮುಚ್ಚಳ ಒಮ್ಮೆ ತೆರೆದರೆ ಒಳಗಿನದು ಕೆಲವೇ ತಿಂಗಳಲ್ಲಿ ಆರಿಹೋಗುವುದು ಇದರ ನಿಜವಾದ ಕೊರತೆ. ಕಿಟ್ ಕೊಳ್ಳುವವರು ಒಂದು ದೊಡ್ಡದರ ಬದಲು ಎರಡು ಚಿಕ್ಕ ಟ್ಯೂಬ್ ಇರುವುದನ್ನು ಆರಿಸಲಿ.

ಎಸ್‌ಆರ್ ಮತ್ತು ಫೆವಿಬಾಂಡ್

ಫೆವಿಕಾಲ್ ಎಂದೊಡನೆ ಬಿಳಿ ಡಬ್ಬಿ ತಂದು ರಬ್ಬರಿಗೆ ಬಳಿಯುವವರಿದ್ದಾರೆ. ಮರಗೆಲಸದ ಆ ಬಿಳಿ ಅಂಟು ನೀರಿನದು; ನೀರನ್ನು ಹೀರುವ ಮೈ ಬೇಕು ಅದಕ್ಕೆ. ರಬ್ಬರ್ ಹೀರುವುದಿಲ್ಲ, ಅಂಟು ಹಿಡಿಯುವುದಿಲ್ಲ. ರಬ್ಬರಿಗೆ ಬೇಕಾದದ್ದು ಎಸ್‌ಆರ್ ಸಾಲು, ಅಂದರೆ ಫೆವಿಕಾಲ್ ಎಸ್‌ಆರ್ 505, ಎಸ್‌ಆರ್ 998. ಇವು ಸಿಂಥೆಟಿಕ್ ರಬ್ಬರನ್ನು ದ್ರಾವಕದಲ್ಲಿ ಕರಗಿಸಿದ ಕಾಂಟ್ಯಾಕ್ಟ್ ಅಂಟುಗಳು. ಮನೆಯ ಚಿಕ್ಕಪುಟ್ಟ ಕೆಲಸಕ್ಕೆ ಫೆವಿಬಾಂಡ್ ಟ್ಯೂಬು, ಕೊಲ್ಕತ್ತದ ಡೆಂಡ್ರೈಟ್ ಕೂಡ ಇದೇ ಕುಲದವು. ಹಳದಿ ಬಣ್ಣದ ಇಂಥ ಅಂಟುಗಳಲ್ಲಿ ಬಹುತೇಕಕ್ಕೆ ಮೂಲ ನಿಯೊಪ್ರೀನ್; 1930ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ರಬ್ಬರ್ ಅದು. ಅದರ ಗುಣವೆಂದರೆ ದ್ರಾವಕ ಹಾರಿದ ಮೇಲೆ ಅಣುಸರಪಳಿಗಳು ತಮ್ಮಷ್ಟಕ್ಕೆ ಸಾಲುಗಟ್ಟಿ ಸ್ಫಟಿಕವಾಗುತ್ತವೆ. ಎರಡು ಮುಖಗಳ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಸ್ಫಟಿಕವಾದರೆ ಬಿಗಿ ಬರುತ್ತದೆ. ಇದನ್ನು ಹಚ್ಚುವ ಎಲ್ಲ ನಿಯಮಗಳೂ ಇದರಿಂದಲೇ ಬಂದವು.

ಎರಡೂ ಮುಖಕ್ಕೆ ಹಚ್ಚಬೇಕು. ಬಟ್ಟೆ, ಚರ್ಮ, ಫೋಮಿನಂಥ ಹೀರುವ ಮುಖಕ್ಕೆ ಮೊದಲ ಪದರ ಒಣಗಿದ ಮೇಲೆ ಇನ್ನೊಂದು. 10ರಿಂದ 20 ನಿಮಿಷ ಬಿಟ್ಟು, ಬೆರಳಿಗೆ ಅಂಟು ಬರದ ಹದದಲ್ಲಿ ಜೋಡಿಸಬೇಕು. ಜೋಡಿಸಿದ ಮೇಲೆ ಸರಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ ಗುರುತು ಹಾಕಿಕೊಳ್ಳಿ. ದೊಡ್ಡ ಹಾಳೆಯಾದರೆ ನಡುವೆ ಬೆಣ್ಣೆ ಕಾಗದ ಇಟ್ಟು ಸ್ವಲ್ಪಸ್ವಲ್ಪವೇ ಎಳೆದು ಕೂರಿಸಿ. ಇಲ್ಲಿ ಮುಖ್ಯವಾದದ್ದು ಒತ್ತಡದ ಜೋರು, ಹೊತ್ತಲ್ಲ. ರಾತ್ರಿಯಿಡೀ ಇಟ್ಟಿಗೆ ಹೇರುವುದಕ್ಕಿಂತ ರಬ್ಬರ್ ಸುತ್ತಿಗೆಯಿಂದ ಇಂಚಿಂಚು ಬಿಡದೆ ಹತ್ತು ಏಟು ಹಾಕುವುದು ಮೇಲು. ಚಪ್ಪಲಿ ಹೊಲಿಯುವವರು ಅಟ್ಟೆಯನ್ನು ಕಬ್ಬಿಣದ ಕಾಲಿನ ಮೇಲಿಟ್ಟು ಕುಟ್ಟುವುದು ಅದಕ್ಕೇ. ಮುಟ್ಟಿದೊಡನೆ ಹಿಡಿದರೂ ಪೂರ್ಣ ಬಲಕ್ಕೆ ಒಂದೆರಡು ದಿನ ಬೇಕು. ಅಷ್ಟು ಹೊತ್ತು ಆ ಶೂ ಹಾಕಿ ನಡೆಯದಿದ್ದರೆ ಒಳ್ಳೆಯದು.

ಜೋಡಿಸುವುದು ತಡವಾಗಿ ಎರಡೂ ಪದರ ಪೂರ್ತಿ ಒಣಗಿದ್ದರೆ ಹೇರ್ ಡ್ರೈಯರಿನಿಂದ ಕೈಗೆ ಚೆನ್ನಾಗಿ ಬಿಸಿ ಎನಿಸುವವರೆಗೆ ಕಾಯಿಸಿ ತಕ್ಷಣ ಒತ್ತಿದರೆ ಮತ್ತೆ ಹಿಡಿಯುತ್ತದೆ. ಅದು ಸಾಗದಿದ್ದರೆ ಮೇಲೊಂದು ತೆಳು ಪದರ.

ಕರಾವಳಿ, ಮಲೆನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ದ್ರಾವಕ ಹಾರುವಾಗ ಅಂಟಿನ ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ಆ ತಣ್ಣನೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ನೀರು ಹನಿಗಟ್ಟುತ್ತದೆ, ಹೆಚ್ಚಾದರೆ ಪದರ ಮಸುಕು ಬಿಳಿಯಾಗುತ್ತದೆ. ಅದರ ಮೇಲೆ ಎಷ್ಟು ಕುಟ್ಟಿದರೂ ಹಿಡಿಯುವುದಿಲ್ಲ. ಜುಲೈನಲ್ಲಿ ಅಂಟಿಸಿದ ಅಟ್ಟೆ ವಾರಕ್ಕೇ ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ. ತುಂಡುಗಳನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಜೋಡಿಸುವ ಮುನ್ನ ಮತ್ತೊಮ್ಮೆ ಬಿಸಿಗಾಳಿ ಹಾಯಿಸಿ. ಡಬ್ಬಿಯ ಹತ್ತಿರ ಮಾತ್ರ ಬೆಂಕಿ, ಕಿಡಿ, ಉರಿಯುವ ಒಲೆ ಇರಕೂಡದು. ಈ ಕುಲದ ಅಂಟುಗಳ ದ್ರಾವಕ ಬೇಗ ಹೊತ್ತಿಕೊಳ್ಳುತ್ತದೆ, ಅದರ ಆವಿ ತಲೆ ತಿರುಗಿಸುತ್ತದೆ. ಕಿಟಕಿ ತೆರೆದಿಡಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ ಇಡಿ.

ಎಲ್ಲಿಗೆ ಸಲ್ಲುತ್ತದೆ? ರಬ್ಬರ್ ಅಟ್ಟೆ, ನೆಲಕ್ಕೆ ಹಾಸುವ ರಬ್ಬರ್ ಶೀಟು, ಕಬ್ಬಿಣದ ಪೆಟ್ಟಿಗೆಗೆ ರಬ್ಬರ್ ಪಟ್ಟಿ, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯದು ಮನೆಬಳಕೆಯಲ್ಲಿ ಇಲ್ಲ. ಎಲ್ಲಿಗೆ ಸಲ್ಲದು? ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಂಥ ಕಡೆ ಪದರ ಮೆತ್ತಗಾಗಿ ಮೆಲ್ಲನೆ ಜಾರುತ್ತದೆ. ಮೆದು ಪಿವಿಸಿಗೆ ಹಚ್ಚಿದರೆ ಮೊದಲು ಹಿಡಿದಂತೆ ಕಂಡು, ಪಿವಿಸಿಯೊಳಗಿನ ಮೃದುಕಾರಿ ಎಣ್ಣೆ ತಿಂಗಳೊಪ್ಪತ್ತಿನಲ್ಲಿ ಅಂಟಿನೊಳಗೆ ಇಳಿದು ಅದನ್ನು ಲೋಳೆ ಮಾಡುತ್ತದೆ. ಪಿವಿಸಿ, ಪಿಯು (ಪಾಲಿಯುರೆಥೇನ್) ಅಟ್ಟೆಗೆ ಪಾಲಿಯುರೆಥೇನ್ ಅಂಟು ಬೇಕು. ಪಾದರಕ್ಷೆ ಕಾರ್ಖಾನೆಗಳು ಅದನ್ನು ಹಚ್ಚಿ, ಒಣಗಿಸಿ, ಬಿಸಿ ಮಾಡಿ ಒತ್ತುತ್ತವೆ. ಟಿಪಿಆರ್ (ಪ್ಲಾಸ್ಟಿಕ್ಕಿನಂತೆ ಬಿಸಿಗೆ ಕರಗುವ ರಬ್ಬರ್) ಅಟ್ಟೆಯಾದರೆ ಅದಕ್ಕೂ ಮುನ್ನ ಕ್ಲೋರಿನ್ ಬಿಡುವ ಪ್ರೈಮರ್ ಬಳಿದು ಮೈಯನ್ನೇ ಬದಲಿಸುತ್ತವೆ. ಈಚಿನ ಸ್ಪೋರ್ಟ್ಸ್ ಶೂ ಹಳದಿ ಅಂಟಿಗೆ ಜಗ್ಗದಿರುವುದಕ್ಕೆ ಬಹಳ ಸಲ ಕಾರಣ ಅಟ್ಟೆಯ ವಸ್ತು, ದುರಸ್ತಿಯವರ ಕೈಯಲ್ಲ.

ಫೆವಿಕ್ವಿಕ್ ಮತ್ತು ಅದರ ದಾಯಾದಿಗಳು

ಸಯನೊಅಕ್ರಿಲೇಟ್ ಎಂಬ ಈ ರಾಸಾಯನಿಕ 1942ರಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಕೈಗೆ ಸಿಕ್ಕಿತ್ತು. ಎಲ್ಲಕ್ಕೂ ಅಂಟಿಕೊಳ್ಳುತ್ತದೆ ಎಂದು ಆಗ ಬದಿಗಿಟ್ಟರು. 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಮೇಲ್ಮೈಯ ಕಣದಷ್ಟು ತೇವವೇ ಇದನ್ನು ಗಟ್ಟಿಯಾಗಿಸುತ್ತದೆ. ನೈಟ್ರೈಲ್, ನಿಯೊಪ್ರೀನ್, ನೈಸರ್ಗಿಕ ರಬ್ಬರುಗಳ ಮೇಲೆ ಹಿಡಿತ ಬಲು ಬೇಗ. ಹಾಗಿದ್ದೂ ಇದರ ಬಗ್ಗೆ ನಮ್ಮ ತೀರ್ಪು ಎರಡು ಬಗೆ.

ಕತ್ತರಿಸಿದ ತುದಿಗೆ ತುದಿ ಸೇರಿಸುವ ಕೆಲಸಕ್ಕೆ ಇದು ಅತ್ಯುತ್ತಮ. ಬೇಕಾದ ಅಳತೆಯ ಓ-ರಿಂಗ್ ಸಿಗದಾಗ ರಬ್ಬರ್ ಕಾರ್ಡನ್ನು (ಉದ್ದನೆಯ ದುಂಡು ರಬ್ಬರ್ ಹುರಿ) ಕತ್ತರಿಸಿ ಉಂಗುರ ಮಾಡುವುದು ವರ್ಕ್‌ಶಾಪ್‌ಗಳಲ್ಲಿ ಮಾಮೂಲು. ಹೊಸ ಬ್ಲೇಡಿನಿಂದ ಒಂದೇ ಕೊಯ್ತ, ಎರಡೂ ತುದಿ ಒಂದೇ ಕೋನದಲ್ಲಿ. ಇಲ್ಲಿ ಉಜ್ಜಬೇಡಿ, ಹೊಸದಾಗಿ ಕೊಯ್ದ ಮುಖವೇ ಅತಿ ಶುದ್ಧ. ಒಂದು ತುದಿಗೆ ಮಾತ್ರ ಗುಂಡುಸೂಜಿ ತಲೆಯಷ್ಟು ಹನಿ, ನೇರವಾಗಿ ಜೋಡಿಸಿ ಅರ್ಧ ನಿಮಿಷ ಅಲುಗದಂತೆ ಹಿಡಿಯಿರಿ. ಹೆಚ್ಚು ಹಾಕಿದರೆ ಹೆಚ್ಚು ಬಲ ಎಂಬುದು ಇಲ್ಲಿ ತಿರುಗುಮುರುಗು: ದಪ್ಪ ಪದರದ ನಡುಭಾಗಕ್ಕೆ ತೇವ ತಲುಪದೆ ಹಸಿಯಾಗಿ ಉಳಿಯುತ್ತದೆ, ಹೊರಗೆ ಬಿಳಿ ಪುಡಿ ಕೂರುತ್ತದೆ. ಒಂದು ದಿನ ಬಿಟ್ಟು ಬಳಸಿ. ಮುಚ್ಚಳ, ಫ್ಲ್ಯಾಂಜಿನಂಥ ಕದಲದ ಕಡೆ ಈ ಉಂಗುರ ಸಾಕು. ತಿರುಗುವ ಶಾಫ್ಟಿಗೆ, ಹೆಚ್ಚು ಒತ್ತಡಕ್ಕೆ, ಬಿಸಿ ಎಣ್ಣೆಗೆ ಕೂಡದು.

ಮಡಿಚುವ ಜಾಗಕ್ಕೆ ಮಾತ್ರ ಫೆವಿಕ್ವಿಕ್ ಹಾಕಬೇಡಿ. ಇದು ಗಟ್ಟಿಯಾದರೆ ಪ್ಲಾಸ್ಟಿಕ್ಕು. ರಬ್ಬರ್ ಬಾಗುತ್ತದೆ, ಅಂಟು ಬಾಗುವುದಿಲ್ಲ. ಶೂವಿನ ಬೆರಳ ಕಡೆಯ ಮಡಿಕೆಯಲ್ಲಿ ಕೆಲವೇ ದಿನಕ್ಕೆ ಸೀಳಿ, ಅದರ ಗಟ್ಟಿ ಅಂಚು ಪಕ್ಕದ ರಬ್ಬರನ್ನೂ ಕೊಯ್ಯುತ್ತದೆ. ಇನ್ನೂ ದೊಡ್ಡ ಹಾನಿ ಮುಂದಿನದು: ಆ ಗಾಜಿನಂಥ ಪದರದ ಮೇಲೆ ಹಳದಿ ಅಂಟೂ ಹಿಡಿಯದು. ಚಪ್ಪಲಿ ರಿಪೇರಿಯವರ ಬಳಿ ಒಯ್ಯುವ ಮೊದಲು ‘ತಾತ್ಕಾಲಿಕವಾಗಿ’ ಎಂದು ಫೆವಿಕ್ವಿಕ್ ಸುರಿದ ಶೂವಿನಿಂದ ಅದನ್ನೆಲ್ಲ ಕೆರೆದು ತೆಗೆಯುವುದೇ ಅವರಿಗೆ ದೊಡ್ಡ ಕೆಲಸ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿ ಏಳಬಹುದು ಎಂಬುದೂ ನೆನಪಿರಲಿ.

ಇಪಿಡಿಎಂ ಬೀಡಿಂಗ್ ಅಂಟಿಸುವ ಕೆಲಸ ಪದೇ ಪದೇ ಬರುವವರು ಇದೇ ಕುಲದ ಲಾಕ್ಟೈಟ್ 406 ಕೊಳ್ಳಬೇಕು. ನೀರಿನಷ್ಟು ತೆಳ್ಳಗಿರುವ, ಪ್ಲಾಸ್ಟಿಕ್ ಮತ್ತು ಇಪಿಡಿಎಂಗೆಂದೇ ಮಾಡಿದ ದರ್ಜೆ ಅದು. ಏಟು, ಅದುರುವಿಕೆ ಇರುವ ಕಡೆಗೆ ರಬ್ಬರ್ ಬೆರೆಸಿದ ಕಪ್ಪು ಬಣ್ಣದ 480. ಮನೆಗೊಂದು ಸಲದ ಕೆಲಸಕ್ಕೆ ಇವುಗಳ ಬೆಲೆ ಹೆಚ್ಚೆನಿಸಬಹುದು, ಗ್ಯಾರೇಜಿಗೆ ಮಾತ್ರ ಖಂಡಿತ ದುಬಾರಿಯಲ್ಲ. ಬೀಡಿಂಗ್ ಹಳೆಯದಾದಂತೆ ಮೇಣ, ಎಣ್ಣೆ ಮೇಲ್ಮೈಗೆ ಒಸರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬಟ್ಟೆ ಬದಲಿಸುತ್ತಾ ಎರಡು ಸಲ ಒರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ.

ಅರಾಲ್ಡೈಟ್

ಇದು ಎಪಾಕ್ಸಿ ಎಂಬ ಬಗೆಯ ಅಂಟು; ಲೋಹ, ಕಲ್ಲು, ಪಿಂಗಾಣಿಗೆ ಭದ್ರ. ರಬ್ಬರಿಗೆ ರಬ್ಬರ್ ಅಂಟಿಸಲು ಕೊಳ್ಳಬೇಡಿ. ಗಟ್ಟಿಯಾದ ಎಪಾಕ್ಸಿ ಹಿಗ್ಗದು, ರಬ್ಬರ್ ಹಿಗ್ಗಿದೊಡನೆ ಅಂಚಿನಿಂದ ಬಿಡುತ್ತದೆ.

ಸಿಲಿಕೋನ್

ಸಿಲಿಕೋನ್ ರಬ್ಬರಿಗೆ ಮೇಲಿನ ಯಾವುದೂ ಹಿಡಿಯುವುದಿಲ್ಲ, ಎಷ್ಟು ಉಜ್ಜಿದರೂ. ಅದಕ್ಕೆ ಸಿಲಿಕೋನೇ ಅಂಟು: ಆರ್‌ಟಿವಿ (ಕೋಣೆಯ ತಾಪಮಾನದಲ್ಲೇ ಬಲಿಯುವ) ಸೀಲೆಂಟ್ ಟ್ಯೂಬು. ಸ್ಪಿರಿಟ್ಟಿನಲ್ಲಿ ಒರೆಸಿ, 1 ಮಿ.ಮೀ. ಪದರ ಹಚ್ಚಿ, ಹಿಂಡಿ ಹೊರಬರದಷ್ಟು ಹಗುರವಾಗಿ ಒತ್ತಿ. ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ದಿನಕ್ಕೆ 2–3 ಮಿ.ಮೀ.ಯಂತೆ ಬಲಿಯುತ್ತದೆ, ಹಾಗಾಗಿ ಅಗಲದ ಜೋಡಣೆಗೆ ದಿನಗಟ್ಟಲೆ ಕಾಯಬೇಕು. ವಿನೆಗರ್ ವಾಸನೆ ಬರುವ ಬಗೆ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರ ಮತ್ತು ಸರ್ಕ್ಯೂಟ್ ಬೋರ್ಡ್ ಹತ್ತಿರ ಅದು ತುಕ್ಕು ಹಿಡಿಸುತ್ತದೆ. ಅಲ್ಲಿಗೆ ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ಕೇಳಿ. ಬಾತ್‌ರೂಮಿನ ಸೀಲೆಂಟಿನಲ್ಲಿ ಬೂಷ್ಟು ತಡೆಯುವ ಔಷಧಿ ಇರುವುದುಂಟು, ಊಟದ ಡಬ್ಬಿಗೆ ಬಳಸಬಾರದು.

ಕಾರ್ಖಾನೆಗೆ: ರೇಮಾ ಟಿಪ್ ಟಾಪ್ ಎಸ್‌ಸಿ 2000

ಕ್ರಷರ್, ಸಕ್ಕರೆ ಕಾರ್ಖಾನೆ, ಬಳ್ಳಾರಿ ಕಡೆಯ ಗಣಿಗಳ ಕನ್ವೇಯರ್ ಬೆಲ್ಟಿನ ಕೀಲು, ರೋಲರ್ ಮೇಲಿನ ರಬ್ಬರ್ ಹೊದಿಕೆ, ಇವು ಒಂದು ಡಬ್ಬಿಯ ಹಳದಿ ಅಂಟಿನಿಂದ ಆಗುವ ಕೆಲಸವಲ್ಲ. ಇಲ್ಲಿ ಬೇಕಾದದ್ದು ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎರಡು ಭಾಗದ ರಬ್ಬರ್ ಸಿಮೆಂಟ್, ಅಂದರೆ ಅಂಟು. ಜರ್ಮನಿಯ ಈ ಉತ್ಪನ್ನವನ್ನು ಬೆಲ್ಟ್ ಕೆಲಸದವರು ನೆಚ್ಚುವುದಕ್ಕೆ ಕಾರಣವಿದೆ: ಹಾರ್ಡನರ್ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ಬಿಸಿಗೆ ಜಾರುವುದಿಲ್ಲ. ಪ್ರಮಾಣ ತೂಕದಲ್ಲಿ ಸುಮಾರು ಶೇ. 4, ಅಂದರೆ 1 ಕೆಜಿಗೆ 40 ಗ್ರಾಂ. ಕಣ್ಣಳತೆಯಲ್ಲಿ ಸುರಿಯಬೇಡಿ. ಕಮ್ಮಿಯಾದರೆ ಪದರ ಮೆತ್ತಗೆ ಉಳಿಯುತ್ತದೆ, ಜಾಸ್ತಿಯಾದರೆ ಪೆಡಸು. ಬೆರೆಸಿದ್ದನ್ನು ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಮೊದಲ ಪದರ ಪೂರ್ತಿ ಒಣಗಿದ ಮೇಲೆ ಎರಡನೆಯದು. ಅದು ಬೆರಳ ಹಿಂಬದಿಗೆ ಸ್ವಲ್ಪ ಅಂಟುವಾಗಲೇ ಜೋಡಿಸಿ, ನಡುವಿನಿಂದ ಹೊರಕ್ಕೆ ರೋಲರ್ ಒತ್ತಬೇಕು. ಲೋಹದ ಮೇಲಾದರೆ ಮರಳು ಸಿಡಿಸಿ ಹೊಳಪು ಬರಿಸಿ, ತುಕ್ಕು ಮರಳುವ ಮೊದಲೇ ಲೋಹದ ಪ್ರೈಮರ್ ಹಚ್ಚುವುದು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಕಿತ್ತುಬಂದ ಜೋಡಣೆಯನ್ನು ಓದುವುದು

ಯಾವ ಅಂಟೇ ಆಗಲಿ, ಬಿಟ್ಟಾಗ ಬಿಸಾಡುವ ಮೊದಲು ಎರಡೂ ಮುಖ ನೋಡಿ. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಮುಖ ಬರಿದಾಗಿ ಹೊಳೆಯುತ್ತಿದ್ದರೆ, ಆ ಬರಿ ಮುಖವನ್ನು ಸರಿಯಾಗಿ ಉಜ್ಜಿಲ್ಲ ಅಥವಾ ಆ ರಬ್ಬರಿಗೆ ಅದು ಅಂಟೇ ಅಲ್ಲ. ಎರಡೂ ಕಡೆ ಅಂಟು ಉಳಿದು ನಡುವೆ ಜೇಡರಬಲೆಯಂಥ ಎಳೆಗಳಿದ್ದರೆ ಅವಸರದಲ್ಲಿ, ಹಸಿಯಿರುವಾಗಲೇ ಮುಚ್ಚಿದ್ದೀರಿ. ಎರಡೂ ಕಡೆ ನಯವಾದ ಒಣ ಪದರ, ಒಂದನ್ನೊಂದು ಮುಟ್ಟಿಯೇ ಇಲ್ಲದ ಹಾಗಿದ್ದರೆ ತಡವಾಗಿದೆ, ಇಲ್ಲವೇ ತೇವ ಕೂತಿದೆ. ರಬ್ಬರೇ ಹರಿದಿದ್ದರೆ ಅಂಟಿನ ತಪ್ಪಿಲ್ಲ, ಜೋಡಣೆಯ ವಿನ್ಯಾಸ ಬದಲಿಸಿ: ತುದಿಗಳನ್ನು ದಪ್ಪದ ನಾಲ್ಕೈದು ಪಟ್ಟು ಉದ್ದಕ್ಕೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿದರೆ ಎಳೆತ ಅಗಲಕ್ಕೆ ಹಂಚಿಹೋಗುತ್ತದೆ. ಅಂಟು ಜಾರುವ ಎಳೆತವನ್ನು ತಡೆಯುತ್ತದೆ, ಅಂಚಿನಿಂದ ಸುಲಿಯುವ ಎಳೆತವನ್ನು ತಡೆಯಲಾರದು. ಹವಾಯಿ ಚಪ್ಪಲಿಯ ಉಂಗುಷ್ಟ ಯಾವ ಅಂಟಿಗೂ ನಿಲ್ಲದಿರುವುದು ಇದಕ್ಕೇ, ಬಾರು ಬದಲಿಸಿ.

ಕೆಲವನ್ನು ಅಂಟಿಸಲೇಬಾರದು. ಅಡುಗೆ ಗ್ಯಾಸಿನ ಟ್ಯೂಬಿನಲ್ಲಿ ಬಿರುಕು ಕಂಡರೆ ಅಂದೇ ಹೊಸದು. ಬಿರುಕಿಲ್ಲದಿದ್ದರೂ ಸುರಕ್ಷಾ ಹೋಸನ್ನು 5 ವರ್ಷಕ್ಕೆ ಬದಲಿಸಬೇಕು. ಕುಕ್ಕರ್ ಗ್ಯಾಸ್ಕೆಟ್, ಬ್ರೇಕಿನ ರಬ್ಬರ್ ಪೈಪು, ಟೈರಿನ ಪಕ್ಕದ ಗೋಡೆ, ಇವಕ್ಕೂ ದುರಸ್ತಿ ಇಲ್ಲ.

ಮನೆಗೆ ಏನೇನು ಕೊಳ್ಳಬೇಕು ಎಂದರೆ: ಪ್ಯಾಚಿನ ಸಮೇತ ಸಲ್ಯೂಷನ್, ಒಂದು ಫೆವಿಬಾಂಡ್ ಟ್ಯೂಬು ಅಥವಾ ಎಸ್‌ಆರ್ 505ರ ಚಿಕ್ಕ ಡಬ್ಬಿ, ಬಿಡಿಬಿಡಿ ಫೆವಿಕ್ವಿಕ್, ಒಂದು ಹಾಳೆ 80ರ ಎಮರಿ ಪೇಪರ್. ಸಿಲಿಕೋನ್ ಟ್ಯೂಬನ್ನು ಬೇಕಾದಾಗ ತಂದರಾಯಿತು. ತೆರೆಯದ ಫೆವಿಕ್ವಿಕ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಬಳಸುವ ದಿನ ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲೆ ಮಾತ್ರ ಮೂತಿ ಕತ್ತರಿಸಿ. ತಣ್ಣಗಿರುವಾಗ ತೆರೆದರೆ ಒಳಗೆ ಇಬ್ಬನಿ ಕೂತು ಅಲ್ಲೇ ಗಟ್ಟಿಯಾಗುತ್ತದೆ. ಎಸ್‌ಆರ್ ಡಬ್ಬಿಯ ಅಂಚನ್ನು ಪ್ರತಿ ಸಲ ಒರೆಸಿ ಮುಚ್ಚಿ. ಅಂಚಿನ ಒಣ ಅಂಟೇ ಮುಚ್ಚಳವನ್ನು ಎತ್ತಿ ಹಿಡಿದು ದ್ರಾವಕ ಹಾರುವಂತೆ ಮಾಡುವುದು.